ಪಾಳಿಯೂ ಗೋಲೂ: ಪೂರ್ವ ಬೆಂಗಳೂರಿನ ನೌಕರ ಸ್ಟ್ರೈಕರ್

ಫುಟ್‌ಬಾಲ್ ಆಡುವವರನ್ನು ವೃತ್ತಿಪರರು ಮತ್ತು ಹವ್ಯಾಸಿಗಳು ಎಂದು ಎರಡೇ ಗುಂಪುಗಳಲ್ಲಿ ಇಡುವುದು ರೂಢಿಯಾಗಿದೆ. ಆದರೆ ಆಟ ಆಳವಾಗಿ ಬೇರೂರಿರುವ ಊರುಗಳಲ್ಲೆಲ್ಲ ಇವೆರಡರ ನಡುವೆ ಮೂರನೆಯ ವರ್ಗವೊಂದು ಇದೆ. ಈ ವರ್ಗದ ಆಟಗಾರ ಹಗಲಿನಲ್ಲಿ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಸಂಬಳಕ್ಕೆ ದುಡಿಯುತ್ತಾನೆ, ಮುಂಜಾನೆ ಮತ್ತು ಸಂಜೆ ಅಭ್ಯಾಸ ಮಾಡುತ್ತಾನೆ, ಪಂದ್ಯದ ದಿನ ಮೇಲಧಿಕಾರಿಯ ಅನುಮತಿ ಪಡೆದು ಮೈದಾನಕ್ಕೆ ಇಳಿಯುತ್ತಾನೆ. ಆತನ ಆಟದ ಮಟ್ಟವನ್ನು ಹವ್ಯಾಸವೆಂದು ಬದಿಗೆ ಸರಿಸಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಇಂಥವರನ್ನು ಅರೆವೃತ್ತಿಪರರು ಎಂದು ಕರೆಯುತ್ತಾರೆ. ಬೆಂಗಳೂರಿನಲ್ಲಿ ಅವರಿಗೆ ಅಂಥ ಹೆಸರು ಇಲ್ಲದಿದ್ದರೂ ‘ಎಚ್‌ಎಎಲ್ ಪ್ಲೇಯರ್’, ‘ಐಟಿಐ ಪ್ಲೇಯರ್’ ಎಂದರೆ ಸಾಕು, ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್‌ಗಳ ಹಿರಿಯರಿಗೆ ಆತನ ಆಟ, ಸಂಬಳ, ಸಾಮಾಜಿಕ ಸ್ಥಾನ ಮೂರೂ ತಿಳಿಯುತ್ತಿದ್ದವು. ನಗರದ ಪೂರ್ವ ಭಾಗದ ಫುಟ್‌ಬಾಲ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಿಂತದ್ದು ಈ ನೌಕರ ಆಟಗಾರನ ಬೆನ್ನ ಮೇಲೆ. ಆತನ ಕಾಯಂ ನೌಕರಿ ಅಪರೂಪವಾದಂತೆ ಆಟದ ಬುಡವೂ ಸಡಿಲವಾಗುತ್ತ ಬಂದಿದೆ.

ದಂಡಿನ ಮೈದಾನದಿಂದ ಕಾರ್ಖಾನೆಯ ಗೇಟಿಗೆ

ಪೂರ್ವ ಬೆಂಗಳೂರಿನ ಕಗ್ಗದಾಸಪುರದ ಸುತ್ತಲಿನ ಭೂಗೋಳವೇ ಈ ಇತಿಹಾಸಕ್ಕೆ ಕೀಲಿಕೈ. ಸಿ.ವಿ. ರಾಮನ್ ನಗರಕ್ಕೆ ಅಂಟಿಕೊಂಡಿರುವ ಈ ಬಡಾವಣೆಯ ಆಸುಪಾಸಿನಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆಯ ಎಲ್‌ಆರ್‌ಡಿಇ, ಎಡಿಇ, ಜಿಟಿಆರ್‌ಇ ಪ್ರಯೋಗಾಲಯಗಳಿವೆ. ತಿಪ್ಪಸಂದ್ರದ ಕಡೆಗೆ ಬಿಇಎಂಎಲ್, ದಕ್ಷಿಣಕ್ಕೆ ಎಚ್‌ಎಎಲ್ ಮತ್ತು ಅದರ ವಿಮಾನ ನಿಲ್ದಾಣ, ಕೆ.ಆರ್. ಪುರದ ದಿಕ್ಕಿನಲ್ಲಿ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐ, ಪಶ್ಚಿಮಕ್ಕೆ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿ, ಸೇನಾ ಕೇಂದ್ರ. ಕೆರೆ ಮತ್ತು ಹೊಲಗಳ ಹಳ್ಳಿಯಾಗಿದ್ದ ಕಗ್ಗದಾಸಪುರ ಬಡಾವಣೆಯಾಗಿ ಬೆಳೆದದ್ದು ಬಹುಪಾಲು ಈ ಸಂಸ್ಥೆಗಳ ನೌಕರರು ಮನೆ ಕಟ್ಟಿಕೊಂಡಾಗ. ಇವುಗಳಲ್ಲಿ ಅನೇಕ ಸಂಸ್ಥೆಗಳು ಬೆಂಗಳೂರು ಲೀಗ್‌ನಲ್ಲಿ ತಮ್ಮ ಹೆಸರಿನದೇ ತಂಡಗಳನ್ನು ಇಳಿಸಿದವು ಎಂಬುದು ಈ ಪ್ರದೇಶದ ವಿಶೇಷ.

ಆಟ ಇಲ್ಲಿಗೆ ಬಂದದ್ದು ದಂಡಿನ ಮೂಲಕ. 1809ರಲ್ಲಿ ಸ್ಥಾಪನೆಯಾದ ಕಂಟೋನ್ಮೆಂಟ್‌ನಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದುದನ್ನು ಸುತ್ತಲಿನ ಕೇರಿಗಳ ಹುಡುಗರು ನೋಡಿ ಕಲಿತರು, ಬರಿಗಾಲಿನಲ್ಲಿ ಆಡಿದರು, ಕೊನೆಗೆ ಕಲಿಸಿದವರನ್ನೇ ಸೋಲಿಸಿದರು. ಮುಂಬೈಯ ರೋವರ್ಸ್ ಕಪ್ 1891ರಿಂದ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತೆ ಇತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಪಾಲಾಯಿತು. ಮರುವರ್ಷವೂ ಅದೇ ತಂಡ ಕಪ್ ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 1–10ರಿಂದ ಸೋತಾಗ ಆ ಒಂದು ಗೋಲನ್ನು ಗಳಿಸಿದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಗೋಲು ಹೊಡೆಯುವವರ ಪರಂಪರೆ ಈ ಊರಿಗೆ ಹೊಸದಲ್ಲ.

ಹೊಟ್ಟೆಪಾಡಿನ ಪ್ರಶ್ನೆ ಮಾತ್ರ ಮೊದಲಿನಿಂದಲೂ ಬೆನ್ನಿಗಿತ್ತು. ಕಂಟೋನ್ಮೆಂಟ್ ಕೇರಿಗಳ ಆಟಗಾರರಲ್ಲಿ ಹೆಚ್ಚಿನವರು ದುಡಿಯುವ ಕುಟುಂಬಗಳ ಮಕ್ಕಳು. ಅಹ್ಮದ್ ಖಾನ್ ಅವರಂಥ ಕೆಲವರನ್ನು ಕೋಲ್ಕತ್ತದ ದೊಡ್ಡ ಕ್ಲಬ್‌ಗಳು ಕರೆಸಿಕೊಂಡರೂ ಉಳಿದವರಿಗೆ ಆ ದಾರಿ ಇರಲಿಲ್ಲ. ಉತ್ತರ ಸಿಕ್ಕಿದ್ದು ಕಾರ್ಖಾನೆಗಳಿಂದ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಮುಂದಿನ ಎಚ್‌ಎಎಲ್), 1948ರಲ್ಲಿ ಐಟಿಐ, 1964ರಲ್ಲಿ ಬಿಇಎಂಎಲ್, ಇವುಗಳ ನಡುವೆ ರಕ್ಷಣಾ ಪ್ರಯೋಗಾಲಯಗಳು ಒಂದರ ಹಿಂದೆ ಒಂದರಂತೆ ಸ್ಥಾಪನೆಯಾದವು. ಈ ಸಂಸ್ಥೆಗಳು ಟೌನ್‌ಶಿಪ್, ಶಾಲೆ, ಆಸ್ಪತ್ರೆ, ಕ್ಯಾಂಟೀನ್‌ಗಳ ಜೊತೆಗೆ ಮೈದಾನವನ್ನೂ ಕಟ್ಟಿದವು, ಮೈದಾನಕ್ಕೆ ತಂಡ ಬೇಕಾಯಿತು, ತಂಡಕ್ಕಾಗಿ ಆಟಗಾರರನ್ನು ನೌಕರಿಗೆ ತೆಗೆದುಕೊಂಡವು.

ಫೆಡರೇಷನ್ ಕಪ್ ಗೆದ್ದ ಕಾರ್ಖಾನೆ

ನೌಕರ ತಂಡಗಳ ಸಾಮರ್ಥ್ಯ ಎಷ್ಟಿತ್ತೆಂಬುದಕ್ಕೆ 1977ರ ಫೆಡರೇಷನ್ ಕಪ್ ಸಾಕ್ಷಿ. ದೇಶದ ಅತ್ಯುತ್ತಮ ಕ್ಲಬ್‌ಗಳನ್ನು ಒಂದೆಡೆ ಸೇರಿಸುವ ಉದ್ದೇಶದಿಂದ ಆರಂಭವಾದ ಈ ಟೂರ್ನಿಯ ಮೊದಲ ಆವೃತ್ತಿ ಎರ್ನಾಕುಲಂನಲ್ಲಿ ನಡೆಯಿತು. ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು 1–0ಯಿಂದ ಸೋಲಿಸಿದ್ದು ದೂರವಾಣಿನಗರದ ಐಟಿಐ. ಒಂದು ಕಡೆ ಲಕ್ಷಾಂತರ ಅಭಿಮಾನಿಗಳ, ಶತಮಾನದ ಹತ್ತಿರ ಬಂದಿದ್ದ ಕ್ಲಬ್. ಇನ್ನೊಂದು ಕಡೆ ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರು. ಈ ಗೆಲುವನ್ನು ಆಕಸ್ಮಿಕ ಎಂದು ತಳ್ಳಿಹಾಕಲಾಗದು. ನೌಕರಿ ಖಾತರಿಯಾಗಿದ್ದುದರಿಂದ ಐಟಿಐ ಆಟಗಾರರು ವರ್ಷದಿಂದ ವರ್ಷಕ್ಕೆ ಕ್ಲಬ್ ಬದಲಿಸುತ್ತಿರಲಿಲ್ಲ, ಒಂದೇ ತಂಡವಾಗಿ ಹಲವು ಋತುಗಳನ್ನು ಕಳೆಯುತ್ತಿದ್ದರು, ಹೀಗಾಗಿ ಒಬ್ಬರ ಓಟ ಇನ್ನೊಬ್ಬರಿಗೆ ಕಣ್ಣು ಮುಚ್ಚಿದರೂ ಗೊತ್ತಾಗುವಷ್ಟು ಹೊಂದಾಣಿಕೆ ಬೆಳೆಯುತ್ತಿತ್ತು. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದ ನಂತರದ ವರ್ಷಗಳಲ್ಲಿ ಐಟಿಐ ಮತ್ತು ಎಚ್‌ಎಎಲ್ ಎರಡೂ ಅಲ್ಲಿ ಆಡಿದವು.

ಒಂದೇ ದೇಹ, ಎರಡು ಕಸುಬು

ಸ್ಟ್ರೈಕರ್ ಎಂದರೆ ತಂಡದ ಮುಂಚೂಣಿಯಲ್ಲಿ ನಿಂತು ಗೋಲು ಗಳಿಸುವ ಹೊಣೆ ಹೊತ್ತ ಆಟಗಾರ. ಹಳಬರ ಬಾಯಲ್ಲಿ ಸೆಂಟರ್ ಫಾರ್ವರ್ಡ್. ಎದುರಾಳಿಯ ಗೋಲಿಗೆ ಬೆನ್ನು ಮಾಡಿ, ಹಿಂದಿನಿಂದ ಒತ್ತುತ್ತಿರುವ ಡಿಫೆಂಡರ್‌ನ ಭಾರವನ್ನು ತಡೆದುಕೊಳ್ಳುತ್ತ, ಎತ್ತರದಿಂದ ಬರುವ ಚೆಂಡನ್ನು ಎದೆಯ ಮೇಲೋ ತೊಡೆಯ ಮೇಲೋ ಇಳಿಸಿಕೊಂಡು ಪಕ್ಕದವನಿಗೆ ಕೊಡುವುದು ಆತನ ಕೆಲಸದ ಒಂದು ಭಾಗ. ಆಫ್‌ಸೈಡ್ ನಿಯಮವನ್ನು, ಅಂದರೆ ಸಹ ಆಟಗಾರ ಚೆಂಡನ್ನು ಒದೆಯುವ ಕ್ಷಣದಲ್ಲಿ ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲಿಗೆ ಹತ್ತಿರದಲ್ಲಿದ್ದು ಆಟದಲ್ಲಿ ತೊಡಗಬಾರದೆಂಬ ನಿಯಮವನ್ನು, ಮುರಿಯದೆ ಅರ್ಧ ಹೆಜ್ಜೆಯ ಲಾಭ ಪಡೆದು ಓಡುವುದು ಇನ್ನೊಂದು ಭಾಗ. ಅಡ್ಡ ಬರುವ ಪಾಸ್‌ಗೆ ಹತ್ತಿರದ ಕಂಬದ ಕಡೆ ಓಡುವುದೋ ದೂರದ ಕಂಬದ ಕಡೆ ಉಳಿಯುವುದೋ ಎಂಬುದನ್ನು ಅರೆಕ್ಷಣದಲ್ಲಿ ತೀರ್ಮಾನಿಸಬೇಕು. ತೊಂಬತ್ತು ನಿಮಿಷಗಳಲ್ಲಿ ಬರುವ ನಿಜವಾದ ಅವಕಾಶಗಳು ಎರಡೋ ಮೂರೋ ಇರಬಹುದು. ಅವುಗಳಲ್ಲಿ ಒಂದನ್ನಾದರೂ ಗೋಲು ಮಾಡದಿದ್ದರೆ ಉಳಿದ ದುಡಿಮೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಕಸುಬಿಗೆ ಬೇಕಾಗುವುದು ಸಿಡಿಯುವ ವೇಗ, ಅದನ್ನು ಮತ್ತೆ ಮತ್ತೆ ತೋರುವ ಕಸುವು, ದಣಿದ ಮೇಲೂ ತಪ್ಪದ ಗುರಿ. ಬಿರುಸಿನ ಪಂದ್ಯವೊಂದರ ಬಳಿಕ ಕಾಲಿನ ಸ್ನಾಯುಗಳು ಪೂರ್ತಿ ಚೇತರಿಸಿಕೊಳ್ಳಲು ಎರಡು ಮೂರು ದಿನ ಬೇಕು. ಪೂರ್ಣಾವಧಿ ವೃತ್ತಿಪರನ ದಿನಚರಿ ಈ ಚೇತರಿಕೆಯ ಸುತ್ತಲೇ ರೂಪುಗೊಂಡಿರುತ್ತದೆ: ಅಂಗಮರ್ದನ, ನಿದ್ದೆ, ಅಳೆದ ಆಹಾರ, ಫಿಸಿಯೋ. ನೌಕರ ಸ್ಟ್ರೈಕರ್ ಮಾತ್ರ ನಸುಕಿನಲ್ಲಿ ಅಭ್ಯಾಸ ಮುಗಿಸಿ, ಡಬ್ಬಿಯೊಂದಿಗೆ ಗೇಟಿನಲ್ಲಿ ಹಾಜರಿ ಹಾಕಿ, ಯಂತ್ರದ ಮುಂದೆಯೋ ಮೇಜಿನ ಮುಂದೆಯೋ ಗಂಟೆಗಟ್ಟಲೆ ಕಳೆದು, ಲೀಗ್ ಪಂದ್ಯವಿರುವ ವಾರದ ನಡುವಿನ ಮಧ್ಯಾಹ್ನ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ತಲುಪಬೇಕು. ಅಲ್ಲಿನ ಕೃತಕ ಹುಲ್ಲಿನ ಮೇಲೆ ಜಾರಿ ಬಿದ್ದರೆ ಮೊಣಕಾಲು, ತೊಡೆಗಳ ಚರ್ಮ ಸುಲಿಯುತ್ತದೆ. ಆ ಗಾಯಕ್ಕೆ ಪಟ್ಟಿ ಕಟ್ಟಿಕೊಂಡೇ ಮರುದಿನ ಮತ್ತೆ ಪಾಳಿಗೆ ಹೋಗಬೇಕು.

ಈ ಎರಡು ಬದುಕುಗಳನ್ನು ಜೋಡಿಸಿದ್ದು ನಿಯಮಗಳ ಸಣ್ಣ ಜಾಲ. ಕೇಂದ್ರ ಸರ್ಕಾರಿ ಇಲಾಖೆಗಳಲ್ಲಿ ಗ್ರೂಪ್ ‘ಸಿ’ ನೇರ ನೇಮಕಾತಿಯ ಖಾಲಿ ಹುದ್ದೆಗಳಲ್ಲಿ ಶೇ 5ರವರೆಗೆ ಅರ್ಹ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ. ರಾಷ್ಟ್ರೀಯ, ಅಂತರರಾಷ್ಟ್ರೀಯ ಮಹತ್ವದ ಟೂರ್ನಿಗಳಲ್ಲಿ ಭಾಗವಹಿಸಲು ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ, ಅಂದರೆ ಸಂಬಳವನ್ನಾಗಲಿ ಸ್ವಂತ ರಜೆಯನ್ನಾಗಲಿ ಕಳೆದುಕೊಳ್ಳದೆ ಆಡಲು ಹೋಗುವ ಅನುಕೂಲ ಸಿಗುತ್ತದೆ. ಸಾರ್ವಜನಿಕ ಉದ್ಯಮಗಳು ಇದೇ ಬಗೆಯ ಸ್ವಂತ ನಿಯಮಗಳನ್ನು ರೂಪಿಸಿಕೊಂಡವು. ಟ್ರಯಲ್ಸ್‌ನಲ್ಲಿ ಗಮನ ಸೆಳೆದ ಹುಡುಗ ಮೊದಲು ಸ್ಟೈಪೆಂಡ್ ಮೇಲೆ ಸೇರಿ, ಆಟದಲ್ಲಿ ತನ್ನನ್ನು ಸಾಬೀತುಪಡಿಸಿದ ಮೇಲೆ ಕಾಯಂ ಆಗುವ ಪದ್ಧತಿಯೂ ಇತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗಳಿಸಿದ ಗೋಲುಗಳು ಅರವತ್ತರವರೆಗಿನ ಸಂಬಳ, ಭವಿಷ್ಯ ನಿಧಿ ಮತ್ತು ಕುಟುಂಬದ ವೈದ್ಯಕೀಯ ಸೌಲಭ್ಯಕ್ಕೆ ಬುನಾದಿಯಾಗುತ್ತಿದ್ದವು. ಮುಂಚೂಣಿ ಆಟಗಾರನ ವೇಗ ಮೂವತ್ತೆರಡು, ಮೂವತ್ತೈದರ ಹೊತ್ತಿಗೆ ತಗ್ಗುತ್ತದೆ, ಮೊಣಕಾಲಿನ ಒಂದು ಅಸ್ಥಿರಜ್ಜು ಹರಿದರೆ ಅದಕ್ಕೂ ಮೊದಲೇ ಆಟ ಮುಗಿಯುತ್ತದೆ. ಹಾಗಿರುವಾಗ ಉಳಿದ ಕಾಲು ಶತಮಾನದ ಬದುಕಿಗೆ ಆಸರೆ ಇದೆಯೆಂಬ ಧೈರ್ಯವೇ ಬಡಕುಟುಂಬದ ತಾಯ್ತಂದೆಯರು ಮಗನನ್ನು ಮೈದಾನಕ್ಕೆ ಕಳುಹಿಸಲು ಕಾರಣವಾಗಿತ್ತು.

ಎಚ್‌ಎಎಲ್‌ನ ಎರಡು ಋತುಗಳು

ನೌಕರ ತಂಡವೊಂದು ವೃತ್ತಿಪರ ಯುಗದೊಂದಿಗೆ ಮುಖಾಮುಖಿಯಾದಾಗ ಏನಾಗುತ್ತದೆ ಎಂಬುದನ್ನು ಎಚ್‌ಎಎಲ್ ತಂಡ 2010ರಿಂದ 2012ರವರೆಗೆ ತೋರಿಸಿಕೊಟ್ಟಿತು. 2007ರಲ್ಲಿ ರಾಷ್ಟ್ರೀಯ ಲೀಗ್‌ಗೆ ಐ–ಲೀಗ್ ಎಂಬ ಹೊಸ ರೂಪ ಬಂದಿತ್ತು. 2010ರ ಎರಡನೆಯ ಡಿವಿಷನ್‌ನಿಂದ ಒಎನ್‌ಜಿಸಿಯ ಜೊತೆಗೆ ಬಡ್ತಿ ಪಡೆದ ಎಚ್‌ಎಎಲ್, ಹದಿನಾಲ್ಕು ತಂಡಗಳ ಲೀಗ್‌ನಲ್ಲಿ ಗೋವಾ, ಕೋಲ್ಕತ್ತ, ಪುಣೆ, ಮುಂಬೈಗಳನ್ನು ಸುತ್ತುತ್ತ ಋತುವಿಗೆ 26 ಪಂದ್ಯಗಳನ್ನು ಆಡಬೇಕಾಯಿತು. ಎದುರಾಳಿಗಳ ಬಳಿ ದುಬಾರಿ ವಿದೇಶಿ ಸ್ಟ್ರೈಕರ್‌ಗಳಿದ್ದರು. ಡೆಂಪೊ ತಂಡದ ನೈಜೀರಿಯಾದ ರಾಂಟಿ ಮಾರ್ಟಿನ್ಸ್ 2010–11ರಲ್ಲಿ 28 ಗೋಲು, 2011–12ರಲ್ಲಿ 32 ಗೋಲು ಗಳಿಸಿ ಎರಡೂ ಬಾರಿ ಅಗ್ರಸ್ಥಾನದಲ್ಲಿದ್ದರು. ಎಚ್‌ಎಎಲ್ ಆಡಿದ್ದು ಕ್ಸೇವಿಯರ್ ವಿಜಯಕುಮಾರ್ ಅವರಂಥ ಸ್ವದೇಶಿ ಮುಂಚೂಣಿ ಆಟಗಾರರನ್ನು ನೆಚ್ಚಿಕೊಂಡು, ಆರ್.ಸಿ. ಪ್ರಕಾಶ್ ಅವರ ತರಬೇತಿಯಲ್ಲಿ.

ಮೊದಲ ಋತುವಿನಲ್ಲಿ ಎಚ್‌ಎಎಲ್ ಕೆಳಗಿಳಿಯದೆ ಉಳಿಯಿತು, ಪಂಜಾಬಿನ ಹೆಸರಾಂತ ಜೆಸಿಟಿ ಕೆಳಗಿಳಿಯಿತು. ಇದರ ಬೆಲೆ ಅರಿಯಲು ಜೆಸಿಟಿಯ ಹಿರಿಮೆಯನ್ನು ನೆನೆಯಬೇಕು: 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಆ ತಂಡದಲ್ಲಿ ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್ಮನ್ ಇದ್ದರು. ಎರಡನೆಯ ಋತುವಿನಲ್ಲಿ ಮಾತ್ರ ಅಂತರ ಮುಚ್ಚಲಾಗದಷ್ಟು ಬೆಳೆದು ಎಚ್‌ಎಎಲ್ ಕೆಳಗಿಳಿಯಿತು. ಪ್ರತಿಭೆಯ ಕೊರತೆಯೊಂದೇ ಇದಕ್ಕೆ ಕಾರಣವಾಗಿರಲಿಲ್ಲ. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಕ್ಲಬ್ ಪರವಾನಗಿ ನಿಯಮಗಳು, ಅಂದರೆ ಕ್ಲಬ್ ಪ್ರತ್ಯೇಕ ಕಾನೂನುಬದ್ಧ ಘಟಕವಾಗಿರಬೇಕು, ಅದಕ್ಕೆ ತನ್ನದೇ ಲೆಕ್ಕಪತ್ರ, ಕಿರಿಯರ ತಂಡ, ಪರವಾನಗಿ ಪಡೆದ ತರಬೇತುದಾರರು ಇರಬೇಕು ಎಂಬ ಷರತ್ತುಗಳು ಬಿಗಿಯಾಗುತ್ತಿದ್ದವು. ಕಾರ್ಖಾನೆಯ ಕ್ರೀಡಾ ವಿಭಾಗವೊಂದು ಈ ಅಚ್ಚಿಗೆ ಹೊಂದುವುದು ಕಷ್ಟ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಬೆಂಗಳೂರು ಎಫ್‌ಸಿ, ಅದೇ ಅಶೋಕನಗರದ ಕ್ರೀಡಾಂಗಣದಲ್ಲಿ ಆಡಿ ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದಾಗ ನಗರಕ್ಕೆ ಹೊಸ ಹೆಮ್ಮೆ ಬಂತು, ಸುನಿಲ್ ಚೆಟ್ರಿಯ ಹೆಸರನ್ನು ಇಡೀ ಊರು ಕೂಗಿತು. ಅದೇ ಹೊತ್ತಿನಲ್ಲಿ ರಾಷ್ಟ್ರಮಟ್ಟದ ಲೀಗ್ ನೌಕರ ಆಟಗಾರನ ಕೈಗೆಟಕದಷ್ಟು ಎತ್ತರಕ್ಕೆ ಹೋಯಿತು.

ಇಂಗ್ಲೆಂಡಿನ ಏಣಿ

ಇಲ್ಲಿ ಇಂಗ್ಲೆಂಡಿನ ಕೆಳ ಲೀಗ್‌ಗಳ ಕಡೆ ನೋಡುವುದು ಉಪಯುಕ್ತ. ಅಲ್ಲಿ ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್‌ಗಳಿದ್ದು, ಅವುಗಳ ಕೆಳಗೆ ‘ನಾನ್–ಲೀಗ್’ ಎಂದು ಕರೆಯಲಾಗುವ ವಿಸ್ತಾರವಾದ ಲೋಕ ಹಲವು ಮೆಟ್ಟಿಲುಗಳಲ್ಲಿ ಹಬ್ಬಿದೆ. ಅಲ್ಲಿನ ಸ್ಟ್ರೈಕರ್ ವಾರದಲ್ಲಿ ಎರಡು ಸಂಜೆ ಅಭ್ಯಾಸ ಮಾಡಿ, ಶನಿವಾರ ಪಂದ್ಯ ಆಡಿ, ಸೋಮವಾರ ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಪ್ರತಿಯೊಂದು ಮೆಟ್ಟಿಲೂ ಬಡ್ತಿ ಮತ್ತು ಹಿಂಬಡ್ತಿಯ ಮೂಲಕ ಮೇಲಿನ ಮೆಟ್ಟಿಲಿಗೆ ಜೋಡಿಸಿಕೊಂಡಿರುವುದರಿಂದ ಹಳ್ಳಿಯ ತಂಡಕ್ಕೂ ಮೇಲಿನ ದಾರಿ ತತ್ತ್ವದಲ್ಲಿ ತೆರೆದೇ ಇರುತ್ತದೆ.

ಆಟದ ಜೊತೆಗೆ ಕಸುಬು ಇಟ್ಟುಕೊಳ್ಳುವುದು ಅಲ್ಲಿ ಹಳೆಯ ರೂಢಿ. ಆಟಗಾರರ ವಾರದ ವೇತನಕ್ಕೆ ಮಿತಿ ಹಾಕಿದ್ದ ನಿಯಮ ರದ್ದಾದದ್ದು 1961ರಲ್ಲಿ; ಅದಕ್ಕೂ ಮೊದಲಿನ ಕಾಲದ ಮಹಾನ್ ಆಟಗಾರ ಟಾಮ್ ಫಿನ್ನಿ, ಇಂಗ್ಲೆಂಡ್ ಪರ 76 ಪಂದ್ಯಗಳಲ್ಲಿ 30 ಗೋಲು ಗಳಿಸಿಯೂ ಕೊಳಾಯಿ ಕೆಲಸದ ಕಸುಬು ಬಿಡಲಿಲ್ಲ. ಇತ್ತೀಚಿನ ಉದಾಹರಣೆ ಜೇಮೀ ವಾರ್ಡಿ. ಹದಿಹರೆಯದಲ್ಲಿ ದೊಡ್ಡ ಕ್ಲಬ್ಬೊಂದು ಕೈಬಿಟ್ಟ ಬಳಿಕ ಅವರು ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಸಣ್ಣ ತಂಡಕ್ಕೆ ವಾರಕ್ಕೆ 30 ಪೌಂಡ್‌ಗೆ ಆಡುತ್ತ, ಕಾಲಿಗೆ ಆಸರೆ ಕೊಡುವ ವೈದ್ಯಕೀಯ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್ ತಂಡಗಳ ಮೂಲಕ ಒಂದೊಂದೇ ಮೆಟ್ಟಿಲು ಹತ್ತಿ, 2012ರಲ್ಲಿ ಹತ್ತು ಲಕ್ಷ ಪೌಂಡ್‌ಗೆ ಲೆಸ್ಟರ್ ಸಿಟಿ ಸೇರಿ, 2015ರಲ್ಲಿ ಪ್ರೀಮಿಯರ್ ಲೀಗ್‌ನ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದು, 2016ರಲ್ಲಿ ಚಾಂಪಿಯನ್ ತಂಡದ ಆಟಗಾರರಾದರು. ವಾರ್ಡಿಯ ಕಥೆ ಅಪವಾದ ನಿಜ, ಆದರೆ ಅಂಥ ಅಪವಾದ ಸಾಧ್ಯವಾದದ್ದು ನಡುವಿನ ಮೆಟ್ಟಿಲುಗಳೆಲ್ಲ ಗಟ್ಟಿಯಾಗಿದ್ದುದರಿಂದ.

ನಡುವೆ ಕಳಚಿದ ಮೆಟ್ಟಿಲು

ಬೆಂಗಳೂರಿನಲ್ಲಿ ಏಣಿಯ ಎರಡು ತುದಿಗಳೂ ಇವೆ. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿರುವ ಜನ ಇಂದಿಗೂ ಆಟವನ್ನು ಉಸಿರಾಡುತ್ತಾರೆ. ‘ಮಿನಿ ಬ್ರೆಜಿಲ್’ ಎಂದು ಹೆಸರಾದ ಆ ಕೇರಿಯ ಮಕ್ಕಳಿಗೆ ಚೆಂಡಿನ ಜೊತೆಗಿನ ಸಲಿಗೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ತುದಿಯಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ದೊಡ್ಡ ಕ್ಲಬ್‌ಗಳ ಹೊನಲು ಬೆಳಕಿನ ಪಂದ್ಯಗಳು ನಡೆಯುತ್ತವೆ. ಸಡಿಲವಾಗಿರುವುದು ನಡುವಿನ ಭಾಗ. ರಾಜ್ಯ ಫುಟ್‌ಬಾಲ್ ಸಂಸ್ಥೆ ನಡೆಸುವ ಸೂಪರ್ ಡಿವಿಷನ್, ಅದರ ಕೆಳಗಿನ ‘ಎ’, ‘ಬಿ’, ‘ಸಿ’ ಡಿವಿಷನ್‌ಗಳಲ್ಲಿ ಸೇನೆಯ ಎಂಇಜಿ ಮತ್ತು ಎಎಸ್‌ಸಿ, ಎಡಿಇ, ಆದಾಯ ತೆರಿಗೆ ಇಲಾಖೆ, ಮಹಾಲೇಖಪಾಲರ ಕಚೇರಿಯ ಎಜಿಒಆರ್‌ಸಿ ಮೊದಲಾದ ತಂಡಗಳು ನೌಕರ ಪರಂಪರೆಯನ್ನು ಮುಂದುವರಿಸಿಕೊಂಡು ಬಂದವು. ಆದರೆ 1991ರ ಉದಾರೀಕರಣದ ಬಳಿಕ ದೂರಸಂಪರ್ಕ ಮಾರುಕಟ್ಟೆ ತೆರೆದು ಐಟಿಐ ನಷ್ಟಕ್ಕೆ ಜಾರಿತು. ಸಾರ್ವಜನಿಕ ಉದ್ಯಮಗಳಲ್ಲಿ ನೇಮಕಾತಿ ಕುಗ್ಗಿ ಗುತ್ತಿಗೆ ದುಡಿಮೆ ಹೆಚ್ಚಿತು. ಮೊದಲು ಕೈಬಿಟ್ಟುಹೋದದ್ದು ಕ್ರೀಡಾ ನೇಮಕಾತಿ. ಕಗ್ಗದಾಸಪುರದಂಥ ಬಡಾವಣೆಗಳಲ್ಲಿ ಮೈದಾನಗಳಾಗಿದ್ದ ಖಾಲಿ ಜಾಗಗಳ ಮೇಲೆ ಅಪಾರ್ಟ್‌ಮೆಂಟ್‌ಗಳು ಎದ್ದವು, ಪಕ್ಕದಲ್ಲೇ ಟೆಕ್ ಪಾರ್ಕ್ ಬಂತು. ಅಲ್ಲಿನ ಕಂಪನಿಗಳ ನೌಕರರು ವಾರಾಂತ್ಯದಲ್ಲಿ ಗಂಟೆಗೆ ಬಾಡಿಗೆ ಕೊಟ್ಟು ಟರ್ಫ್‌ನಲ್ಲಿ ಆಡುತ್ತಾರೆ; ಆಟದ ಬಲದಿಂದ ನೌಕರಿ ಪಡೆಯುವ ಬಾಗಿಲನ್ನು ಮಾತ್ರ ಆ ಕಂಪನಿಗಳು ತೆರೆದಿಲ್ಲ.

ಇದರ ಪೆಟ್ಟು ಹೆಚ್ಚು ಬೀಳುವುದು ಸ್ಟ್ರೈಕರ್‌ಗಳ ಮೇಲೆ. ದೊಡ್ಡ ಕ್ಲಬ್‌ಗಳು ಗೋಲು ಹೊಡೆಯುವ ಹೊಣೆಯನ್ನು ಸಾಮಾನ್ಯವಾಗಿ ವಿದೇಶಿ ಆಟಗಾರರಿಗೆ ಒಪ್ಪಿಸುತ್ತವೆ, ಸ್ಥಳೀಯ ಫಾರ್ವರ್ಡ್ ಬೆಂಚಿನಲ್ಲಿ ಕೂರುತ್ತಾನೆ ಅಥವಾ ಅಂಚಿನ ಸ್ಥಾನಕ್ಕೆ ಸರಿಯುತ್ತಾನೆ. ಮುಂಚೂಣಿಯಲ್ಲಿ ತೊಂಬತ್ತು ನಿಮಿಷ ಆಡಿ ಕಲಿಯುವ ಅವಕಾಶ ಅವನಿಗೆ ಉಳಿದಿದ್ದರೆ ಅದು ನಗರದ ಲೀಗ್‌ನಲ್ಲಿ, ರಾಜ್ಯ ತಂಡದಲ್ಲಿ. ಆ ಮಟ್ಟದ ಆಟ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದನ್ನು 2023ರ ಮಾರ್ಚ್ 4ರಂದು ಕರ್ನಾಟಕ ತಂಡ ತೋರಿಸಿತು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ, ಅಂದರೆ ರಾಜ್ಯ ತಂಡಗಳ ನಡುವಿನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯದಲ್ಲಿ, ಸುನಿಲ್ ಕುಮಾರ್, ಬೇಕಿ ಓರಾಂ ಮತ್ತು ರಾಬಿನ್ ಯಾದವ್ ಅವರ ಗೋಲುಗಳಿಂದ ಮೇಘಾಲಯವನ್ನು 3–2ರಿಂದ ಸೋಲಿಸಿ, 1968–69ರಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ಬಂದಿದ್ದ ಪ್ರಶಸ್ತಿಯನ್ನು 54 ವರ್ಷಗಳ ಬಳಿಕ ಮರಳಿ ತಂದಿತು. ಕರ್ನಾಟಕ ಎಂಬ ಹೆಸರಿನಲ್ಲಿ ಇದು ಮೊದಲ ಗೆಲುವು.

ಆಗಬೇಕಾದದ್ದು

ಪರಿಹಾರಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಕ್ರೀಡಾ ಕೋಟಾದ ನಿಯಮಗಳು ಕಡತದಲ್ಲಿವೆ. ಅವುಗಳಡಿ ಪ್ರತಿವರ್ಷ ಹುದ್ದೆ ತುಂಬುವುದನ್ನು ಇಲಾಖೆಗಳು ಕರ್ತವ್ಯವೆಂದು ಭಾವಿಸಬೇಕು. ಪೊಲೀಸ್ ಮತ್ತು ಅರಣ್ಯ ಇಲಾಖೆಗಳಲ್ಲಿ ಶೇ 3, ಇತರ ಇಲಾಖೆಗಳಲ್ಲಿ ಶೇ 2 ಹುದ್ದೆಗಳನ್ನು ಕ್ರೀಡಾಪಟುಗಳಿಗೆ ಮೀಸಲಿಡುವುದಾಗಿ ರಾಜ್ಯ ಸರ್ಕಾರ ಘೋಷಿಸಿರುವುದು ಸ್ವಾಗತಾರ್ಹ, ಅದರ ಲಾಭ ಪದಕ ಗೆದ್ದ ಕೆಲವರನ್ನು ದಾಟಿ ಲೀಗ್‌ನಲ್ಲಿ ವರ್ಷವಿಡೀ ಬೆವರು ಹರಿಸುವವರಿಗೂ ತಲುಪಬೇಕು. ಲೀಗ್ ಪಂದ್ಯಗಳನ್ನು ಸುಡುಬಿಸಿಲಿನ ಮಧ್ಯಾಹ್ನದಿಂದ ಸಂಜೆಗೆ, ವಾರದ ನಡುವಿನಿಂದ ವಾರಾಂತ್ಯಕ್ಕೆ ಸರಿಸಿದರೆ ನೌಕರ ಆಟಗಾರನಿಗೂ ಪ್ರೇಕ್ಷಕನಿಗೂ ಅನುಕೂಲವಾಗುತ್ತದೆ. ಪೂರ್ವ ಬೆಂಗಳೂರಿನ ಭೂಮಿ, ನೀರು, ರಸ್ತೆಗಳ ಮೇಲೆ ಬೆಳೆದ ಖಾಸಗಿ ತಂತ್ರಜ್ಞಾನ ಕಂಪನಿಗಳು, ಹಿಂದೆ ಕಾರ್ಖಾನೆಗಳು ಮಾಡಿದಂತೆ, ತಲಾ ಕೆಲವು ಆಟಗಾರರಿಗೆ ಕೌಶಲ ತರಬೇತಿಯೊಂದಿಗೆ ನಿಜವಾದ ಕೆಲಸ ಕೊಟ್ಟು ಸೂಪರ್ ಡಿವಿಷನ್‌ಗೆ ತಂಡ ಇಳಿಸಬಹುದು. ಅದಕ್ಕೆ ತಗಲುವ ಖರ್ಚು ಅವರ ಒಂದು ಜಾಹೀರಾತು ಅಭಿಯಾನಕ್ಕಿಂತ ದೊಡ್ಡದಾಗಲಾರದು.

ಚೆಟ್ರಿಯಂಥ ಆಟಗಾರ ದಶಕಕ್ಕೊಬ್ಬ ಹುಟ್ಟಬಹುದು, ಆತನ ಹಾದಿಯನ್ನು ಎಲ್ಲರೂ ಹಿಡಿಯಲಾಗದು. ಆದರೆ ಗೌರವದ ನೌಕರಿಯಲ್ಲಿದ್ದು, ಹತ್ತು ಹನ್ನೆರಡು ವರ್ಷ ತನ್ನ ಊರಿನ ಲೀಗ್‌ನಲ್ಲಿ ಗೋಲು ಹೊಡೆದು, ಆಟ ನಿಂತ ಮೇಲೆ ಅದೇ ಕೇರಿಯ ಮಕ್ಕಳಿಗೆ ಸಂಜೆಯ ಹೊತ್ತು ಕಲಿಸುವ ಸ್ಟ್ರೈಕರ್ ಪ್ರತಿಯೊಂದು ಬಡಾವಣೆಯಲ್ಲೂ ಇರಲು ಸಾಧ್ಯ. ಒಂದು ಕಾಲಕ್ಕೆ ಪೂರ್ವ ಬೆಂಗಳೂರಿನಲ್ಲಿ ಇದ್ದರು ಕೂಡ. ಅಂಥವರ ಸಂಖ್ಯೆ ಎಷ್ಟೆಂಬುದೇ ಒಂದು ಊರಿನ ಫುಟ್‌ಬಾಲ್ ಎಷ್ಟು ಗಟ್ಟಿಯಾಗಿದೆ ಎಂಬುದರ ಸರಿಯಾದ ಅಳತೆ, ಮತ್ತು ಅವರಿಗೆ ಒಂದು ಹಾಜರಿ ಪುಸ್ತಕದಲ್ಲಿ ಜಾಗ ಮಾಡಿಕೊಡುವುದು ಈ ನಗರದ ಸರ್ಕಾರಿ ಕಚೇರಿಗಳಿಗೂ ಕಂಪನಿಗಳಿಗೂ ಇಂದೇ ಸಾಧ್ಯವಿರುವ ಕೆಲಸ.